ನಗೆಪುಸ್ತಕ, ಮೇಲ್‌ಡಬ್ಬಿ ಮತ್ತು ಮುಲಾಜು

144 ಪುಟ, 1/8 ಡೆಮಿ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡಿನ ಮುಖಪುಟ. ಕನ್ನಡದ ಸಾಧಾರಣ ಹಾಸ್ಯ ಸಂಕಲನವೊಂದರ ಮೈಕಟ್ಟು ಇಷ್ಟೇ. ಮುಂಬಯಿಯಲ್ಲಿ ಕೂತು ಇಂಥದ್ದನ್ನು ಬರೆದವರು ಇ-ಮೇಲ್ ಪತ್ರಗಳ ಮೂಲಕ ಅದನ್ನು ಓದುಗರಿಗೆ ಮುಟ್ಟಿಸುವುದು ಹೇಗೆ ಎಂಬುದು ಇಲ್ಲಿನ ಮಾತು. ಒಂದು ಪ್ರತಿ ಸುಮಾರು 170 ಗ್ರಾಂ ತೂಗುತ್ತದೆ. ಸ್ವಂತ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದರೆ 85 ಕಿಲೋ. ಡೊಂಬಿವಲಿಯ ಒನ್ ಬಿಎಚ್‌ಕೆಗೆ ಅದು ಬಂದಿಳಿದ ದಿನದಿಂದ ಮನೆಯಲ್ಲಿ ಇನ್ನೊಬ್ಬ ದಪ್ಪನೆಯ ನೆಂಟ ಠಿಕಾಣಿ ಹೂಡಿದ ಹಾಗೆ. ಮಂಚದ ಕೆಳಗೆ ಮಲಗುತ್ತಾನೆ, ಗುಡಿಸಲು ಬಿಡುವುದಿಲ್ಲ, ಮೇ ತಿಂಗಳಲ್ಲೂ ಊರಿಗೆ ಹೋಗುವುದಿಲ್ಲ.

ಬಿಡುಗಡೆಯ ದಿನ ಒಂದಿಷ್ಟು ಹೋಗುತ್ತವೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಮಾಟುಂಗಾ ಪೂರ್ವದಲ್ಲಿದೆ, 1933ರ ಕರ್ನಾಟಕ ಸಂಘ ಹಳಿಯ ಆ ಬದಿಗೆ ಮಾಹಿಮಿನಲ್ಲಿ. ಎಲ್ಲಿ ಕಾರ್ಯಕ್ರಮ ಇಟ್ಟರೂ ಬರುವವರು ಹೆಚ್ಚುಕಡಿಮೆ ಅವರೇ, ಪುಸ್ತಕ ಕೊಳ್ಳುವುದೂ ಲೇಖಕರ ಮುಖ ನೋಡಿಯೇ. ಬಾಗಿಲ ಬಳಿಯ ಮೇಜಿನ ಮೇಲೆ ನಡೆಯುವುದು ಮುಲಾಜಿನ ಮಾರಾಟ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮುಲಾಜು ಒಂದು ಸಂಜೆ ಮಾತ್ರ ಬಾಳುವ ಸರಕು. ಮಾರನೇ ದಿನದಿಂದ ವಸಾಯಿಯಿಂದ ಪನ್ವೇಲ್‌ವರೆಗೆ ಚೆಲ್ಲಿಕೊಂಡಿರುವ ಓದುಗರನ್ನು ಹುಡುಕುವುದು ಹೇಗೆ? ಇವರು ನಡೆದು ಹೋಗುವಾಗ ಕಣ್ಣಿಗೆ ಬೀಳುವಂತೆ ಕನ್ನಡ ಪುಸ್ತಕ ಜೋಡಿಸಿಟ್ಟ ಅಂಗಡಿ ಬೀದಿಗೊಂದು ಇಲ್ಲ. ಬೆಂಗಳೂರಿನ ಅಂಗಡಿಗೆ ಕೊಟ್ಟರೆ ಸಾಮಾನ್ಯವಾಗಿ 30ರಿಂದ 40 ಪರ್ಸೆಂಟ್ ಕಮಿಷನ್ ಹೋಗುತ್ತದೆ, ಉಳಿದ ಹಣ ಯಾವಾಗ ಬರುತ್ತದೋ ದೇವರೇ ಬಲ್ಲ. ಹಾಗಾಗಿ ಇ-ಮೇಲ್ ನ್ಯೂಸ್‌ಲೆಟರ್. ಹಳೆಯ ಮಾತಿನಲ್ಲಿ, ಚಂದಾದಾರರಿಗೆ ಬರೆಯುವ ಪತ್ರ.

ಹಾಸ್ಯಕ್ಕೆ ಈ ದಾರಿ ಬೇರೆ ಯಾವ ಪ್ರಕಾರಕ್ಕಿಂತಲೂ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾದಂಬರಿಯ ರುಚಿಯನ್ನು 600 ಪದಗಳಲ್ಲಿ ತೋರಿಸಲಾಗದು. ಹರಟೆಯೊಂದು 600 ಪದಕ್ಕೇ ಇಡಿಯಾಗಿ ಮುಗಿಯುತ್ತದೆ. ಕನ್ನಡದ ನಗೆ ಬೆಳೆದದ್ದೂ ಹಾಗೆಯೇ. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ 1942ರಿಂದ 1967ರವರೆಗೆ ತಿಂಗಳು ತಿಂಗಳೂ ಓದುಗರ ಮನೆಗೆ ಬರುತ್ತಿತ್ತು. ಓದುಗ ಮೊದಲು ನಗುವುದನ್ನು ರೂಢಿ ಮಾಡಿಕೊಂಡ, ಪುಸ್ತಕ ಆಮೇಲೆ ಬಂತು. ಇಂದು ಪುಸ್ತಕ ಮೊದಲು ಬರುತ್ತದೆ, ಅದರ ಹಿಂದೆಯೇ ‘ಹೊಟ್ಟೆ ಹುಣ್ಣಾಗಿಸುವ ನಗೆಬುಗ್ಗೆ’ ಎಂಬ ಪೋಸ್ಟರ್ ಬರುತ್ತದೆ. ನಗಿಸುತ್ತೇನೆ ಎಂದು ಮುಂಚೆಯೇ ಹೇಳಿದವನ ಎದುರು ಕನ್ನಡಿಗ ಕೈಕಟ್ಟಿ ಕೂರುತ್ತಾನೆ, ನೋಡೋಣ ನಗಿಸು ಎಂದು. ಆದ್ದರಿಂದ ಪತ್ರ ಪುಸ್ತಕದ ಬಗ್ಗೆ ಮಾತಾಡಬಾರದು, ಪುಸ್ತಕದ ಹಾಗೆ ಮಾತಾಡಬೇಕು.

ಲೆಕ್ಕ ಹೀಗಿಟ್ಟುಕೊಳ್ಳಬಹುದು: ಎರಡು ವಾರಕ್ಕೊಂದು ಪತ್ರ, 500ರಿಂದ 700 ಪದ, ಐದು ಪತ್ರಗಳಲ್ಲಿ ಒಂದರಲ್ಲಿ ಮಾತ್ರ ‘ಕೊಳ್ಳಿ’ ಎಂಬ ಮಾತು. ಪುಸ್ತಕದಲ್ಲಿ 24 ಹರಟೆಗಳಿದ್ದರೆ ಮೂರನ್ನು ಇಡಿಯಾಗಿ ಕೊಟ್ಟುಬಿಡಿ. ಮಾಮೂಲಿ ಮೂರನ್ನಲ್ಲ, ಒಳ್ಳೆಯ ಮೂರನ್ನು. ಚೆನ್ನಾಗಿರುವುದನ್ನು ಬಚ್ಚಿಟ್ಟು ಸಾಧಾರಣವಾದದ್ದನ್ನು ಹಂಚಿದರೆ, ಪುಸ್ತಕದಲ್ಲಿ ಇದಕ್ಕಿಂತ ಸಪ್ಪೆ ಇರಬೇಕು ಎಂದು ಓದುಗ ಊಹಿಸುತ್ತಾನೆ. ಅರ್ಧ ಹರಟೆ ಕೊಟ್ಟು ‘ಮುಂದಿನದನ್ನು ಪುಸ್ತಕದಲ್ಲಿ ಓದಿ’ ಎನ್ನುವುದಂತೂ ಬೇಡವೇ ಬೇಡ. ಪತ್ತೇದಾರಿ ಕಥೆಗೆ ಸಲ್ಲುವ ತಂತ್ರ ನಗೆಗೆ ಸಲ್ಲದು. ಉಳಿದ ಪತ್ರಗಳಿಗೆ ಹೊಸ ಬರಹ ಬೇಕು, ಅಥವಾ ಪುಸ್ತಕದಿಂದ ಕೈಬಿಟ್ಟ ತುಣುಕುಗಳು.

ಚಂದಾದಾರರ ಪಟ್ಟಿ ಕಟ್ಟುವ ಕೆಲಸ ಪುಸ್ತಕ ಪ್ರೆಸ್ಸಿಗೆ ಹೋಗುವ ನಾಲ್ಕೈದು ತಿಂಗಳ ಮುಂಚೆ ಶುರುವಾಗಬೇಕು. ಸಂಘದ ಸದಸ್ಯರ ಡೈರೆಕ್ಟರಿಯಿಂದ ವಿಳಾಸ ಎತ್ತಿ ತುಂಬಿಸುವ ಆಸೆ ಎಲ್ಲರಿಗೂ ಆಗುತ್ತದೆ, ಮಾಡಬಾರದು. ಒಪ್ಪಿಗೆಯಿಲ್ಲದೆ ಬೇರೆಯವರ ವಿವರ ಬಳಸುವುದನ್ನು ತಡೆಯಲೆಂದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆಯ ಮಾತು ಹಾಗಿರಲಿ, ಕೇಳದೆ ಬಂದ ಹಾಸ್ಯ ಮದುವೆಮನೆಯಲ್ಲಿ ಮೈಕು ಬಿಡದ ಮಾವನ ಹಾಸ್ಯದಂತೆ. ಕುರ್ಲಾದ ಬಂಟರ ಸಂಘದಲ್ಲೋ ಸಾಂತಾಕ್ರೂಜಿನ ಬಿಲ್ಲವ ಭವನದಲ್ಲೋ ಯಕ್ಷಗಾನ, ನಾಟಕ ನಡೆವಾಗ ಅನುಮತಿ ಪಡೆದು ಮೇಜು ಹಾಕಿ, ಒಂದು ಹರಟೆಯನ್ನು ಎ4 ಹಾಳೆಯ ಎರಡು ಬದಿಗೆ ಮುದ್ರಿಸಿ ಹಂಚಿ, ಇಷ್ಟವಾದವರ ವಿಳಾಸ ಪಡೆಯುವುದು ನಿಧಾನವಾದರೂ ಗಟ್ಟಿ ದಾರಿ. ‘ನೇಸರು’, ‘ಮೊಗವೀರ’ದಂಥ ಇಲ್ಲಿನ ಮಾಸಪತ್ರಿಕೆಗಳಲ್ಲಿ ಲೇಖನ ಬಂದಾಗ ಕೊನೆಗೆ ಈ ಪತ್ರದ ಬಗ್ಗೆ ಒಂದು ಸಾಲು ಸೇರಿಸಲು ಸಂಪಾದಕರನ್ನು ಕೇಳಬಹುದು.

ಕೈಬರಹದ ಹಾಳೆಯಲ್ಲಿ ಬರೆಸಿಕೊಂಡ ವಿಳಾಸ ಹತ್ತರಲ್ಲಿ ಒಂದಾದರೂ ತಪ್ಪಿರುತ್ತದೆ ಎಂದುಕೊಂಡೇ ಹೊರಡಿ. ಇಂಗ್ಲಿಷಿನ ಆರ್ ಮತ್ತು ಎನ್ ಅಂಟಿಕೊಂಡು ಎಮ್ ಆಗಿರುತ್ತವೆ, ಸೊನ್ನೆ ‘ಓ’ ಆಗಿರುತ್ತದೆ. ಅಂದು ರಾತ್ರಿಯೇ ಕಂಪ್ಯೂಟರಿಗೆ ಹಾಕಿ, ‘ನೀವೇ ತಾನೇ? ಹೌದಾದರೆ ಇಲ್ಲಿ ಒತ್ತಿ’ ಎಂಬ ದೃಢೀಕರಣದ ಮೇಲ್ ಕಳುಹಿಸಬೇಕು. ವಾರ ಬಿಟ್ಟರೆ ಅವರಿಗೆ ನೆನಪು ಹೋಗಿರುತ್ತದೆ. ಈ ದೃಢೀಕರಣದ ಮೇಲ್, ನ್ಯೂಸ್‌ಲೆಟರ್ ಕಳುಹಿಸಿಕೊಡುವ ಸೇವೆಗಳಿಂದ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಸಿದ್ಧವಾಗಿ ಬರುತ್ತದೆ, ಕನ್ನಡಕ್ಕೆ ಬದಲಿಸಿಕೊಳ್ಳಲು ಹಲವು ಸೇವೆಗಳ ಸೆಟ್ಟಿಂಗಿನಲ್ಲಿ ಜಾಗ ಇರುತ್ತದೆ. ಬಹಳ ಜನ ಬದಲಿಸುವುದಿಲ್ಲ. ಕನ್ನಡ ಪತ್ರಕ್ಕೆಂದು ಹೆಸರು ಕೊಟ್ಟವರು ಅಪರಿಚಿತ ಇಂಗ್ಲಿಷ್ ಮೇಲನ್ನು ಬ್ಯಾಂಕ್ ವಂಚನೆ ಎಂದು ತಿಳಿದು ಅಳಿಸುತ್ತಾರೆ.

ಚಂದಾದಾರರಾಗುವ ಫಾರ್ಮಿನಲ್ಲಿ ‘ಊರು’ ಎಂದು ಒಂದೇ ಕಾಲಂ ಇಟ್ಟರೆ ಮುಂಬಯಿಯಲ್ಲಿ ಎಡವಟ್ಟು. ಹದಿನೈದು ವರ್ಷದಿಂದ ಭಾಂಡುಪಿನಲ್ಲಿರುವವರೂ ಊರು ಎಂದರೆ ಕಾರ್ಕಳ ಎಂದೇ ಬರೆಯುತ್ತಾರೆ. ಎರಡೂ ಕೇಳಿ: ‘ಊರು’ ಮತ್ತು ‘ಈಗಿರುವ ಜಾಗ’. ಎರಡನೆಯದರಿಂದ ಪುಸ್ತಕ ಎಲ್ಲೆಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಮೊದಲನೆಯದರಿಂದ ಗೊತ್ತಾಗುವುದು ಇನ್ನೂ ಬೆಲೆಯುಳ್ಳದ್ದು, ಯಾವ ಕನ್ನಡಕ್ಕೆ ಯಾರು ನಗುತ್ತಾರೆ ಎಂಬುದು. ‘ಉಂಟು ಮಾರಾಯ್ರೆ’ಯ ಮೇಲೆ ನಿಂತ ಹರಟೆ ಪುಣೆಯ ಧಾರವಾಡದವರಿಗೆ ಅಷ್ಟಕ್ಕಷ್ಟೇ, ‘ಹೌದ್ರೀ, ಐತ್ರೀ’ ಎನ್ನುವ ಹರಟೆ ಮೀರಾ ರೋಡಿನ ಕುಂದಾಪುರದವರಿಗೆ ಸಿನಿಮಾದ ಡೈಲಾಗಿನಂತೆ ಕೇಳುತ್ತದೆ. ಮೂರು ಸ್ಯಾಂಪಲ್ ಹರಟೆಗಳಲ್ಲಿ ಯಾವುದನ್ನು ಯಾರಿಗೆ ಮೊದಲು ಕಳುಹಿಸಬೇಕು ಎಂಬುದನ್ನು ಈ ಒಂದು ಕಾಲಂ ಹೇಳಿಬಿಡುತ್ತದೆ.

ಇನ್ನು ಅಕ್ಷರದ ಕಥೆ. ಪುಸ್ತಕದ ಡಿಟಿಪಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಆಗಿದ್ದರೆ ಆ ಕಡತದಿಂದ ಕಾಪಿ ಮಾಡಿ ಮೇಲಿಗೆ ಅಂಟಿಸುವಂತಿಲ್ಲ. ಓದುಗರಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಓದಬೇಕು. ಕೆಡುವ ಜಾಗಗಳು ಗೊತ್ತಿರುವವೇ: ಅರ್ಕಾವತ್ತು ಒಂದು ಅಕ್ಷರ ಆಚೀಚೆ ಸರಿಯುತ್ತದೆ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ಪುಟದ ಅಂಚಿನಲ್ಲಿ ಪದ ಮುರಿಯಲು ಹಾಕಿದ ಅಡ್ಡಗೆರೆಗಳು ಸಾಲಿನ ನಡುವೆ ಉಳಿದುಬಿಡುತ್ತವೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ. ಗಂಭೀರ ಲೇಖನದಲ್ಲಿ ಇಂಥ ತಪ್ಪನ್ನು ಓದುಗ ದಾಟಿಕೊಂಡು ಹೋಗುತ್ತಾನೆ. ಹಾಸ್ಯದಲ್ಲಿ ತಪ್ಪಕ್ಷರ ಬಂದರೆ ಅದೂ ತಮಾಷೆಯೋ, ಅಚ್ಚಿನ ತಪ್ಪೋ ಎಂದು ಒಂದು ಕ್ಷಣ ನಿಲ್ಲುತ್ತಾನೆ. ಆ ಒಂದು ಕ್ಷಣದಲ್ಲಿ ನಗೆ ಹೋಯಿತು.

ಇನ್ನೊಂದು ಪೆಟ್ಟು ಕನ್ನಡಕ್ಕೇ ಹೆಚ್ಚು ಬೀಳುವಂಥದ್ದು. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ನೋಡಲು ಬೇರೆ ಲಿಂಕ್ ಕೊಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು, ಪ್ರತಿಯೊಂದಕ್ಕೂ ಮೂರು ಮೂರು ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್; ‘ಸೊಸೈಟಿಯವರಿಗೆ’ ಎಂದರೆ 36. ಸರಾಸರಿ ಹಿಡಿದರೆ 1000 ಪದದ ಕನ್ನಡ ಬರಹ 25 ಕೆಬಿ ಆಸುಪಾಸು. ಇದಿಷ್ಟೇ ಆದರೆ ತೊಂದರೆಯಿಲ್ಲ. ವರ್ಡ್‌ನಿಂದ ನೇರ ಕಾಪಿ ಮಾಡಿ ಅಂಟಿಸಿದರೆ ಪ್ರತಿ ಪ್ಯಾರಾದ ಹಿಂದೆಯೂ ಫಾಂಟು, ಬಣ್ಣ, ಅಂತರ ಎಂದು ಕಾಣದ ಕೋಡಿನ ಮೂಟೆ ಬರುತ್ತದೆ, ಅದರ ಮೇಲೆ ಟೆಂಪ್ಲೇಟಿನ ಭಾರ, ಲಿಂಕುಗಳ ಉದ್ದನೆಯ ಬಾಲ. ಗಡಿ ದಾಟುವುದು ಗೊತ್ತೇ ಆಗುವುದಿಲ್ಲ. ಕತ್ತರಿ ಬೀಳುವುದು ಕೊನೆಗೆ, ಹರಟೆಯ ನಗು ಇರುವುದೂ ಕೊನೆಗೇ. ಜೊತೆಗೆ ಪುಸ್ತಕ ಕೊಳ್ಳುವ ಲಿಂಕೂ, ಪತ್ರ ನಿಲ್ಲಿಸುವ ಲಿಂಕೂ ಹೋಗುತ್ತವೆ. ಮೊದಲು ನೋಟ್‌ಪ್ಯಾಡಿಗೆ ಹಾಕಿ, ಅಲ್ಲಿಂದ ಎತ್ತಿ ಅಂಟಿಸಿದರೆ ಈ ಮೂಟೆ ಕಳಚುತ್ತದೆ.

ಚಂದದ ಫಾಂಟಿನ ಆಸೆ ಬಿಡುವುದು ಒಳ್ಳೆಯದು. ಜಿಮೇಲಿನಲ್ಲಿ ನೀವು ಆರಿಸಿದ ವೆಬ್ ಫಾಂಟ್ ಬರುವುದಿಲ್ಲ. ಆಂಡ್ರಾಯ್ಡಿನಲ್ಲಿ ನೋಟೋ, ವಿಂಡೋಸಿನಲ್ಲಿ ನಿರ್ಮಲಾ ಅಥವಾ ತುಂಗಾ, ಐಫೋನಿನಲ್ಲಿ ಅದರೊಳಗೇ ಇರುವ ಕನ್ನಡ ಅಕ್ಷರ. ನಿಮ್ಮ ಕೈಲಿರುವುದು ಗಾತ್ರ ಮತ್ತು ಸಾಲಿನ ಅಂತರ ಮಾತ್ರ. 18 ಪಿಕ್ಸೆಲ್, ಸಾಲಿನ ಅಂತರ 1.6 ಅಥವಾ 1.7 ಇಟ್ಟರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದಿಲ್ಲ. ಎರಡೂ ಅಂಚು ಸಮ ಮಾಡಲು ಹೋಗಬೇಡಿ, ಉದ್ದ ಪದಗಳ ನಡುವೆ ಫೋನಿನಲ್ಲಿ ಹೊಂಡಗಳು ಬೀಳುತ್ತವೆ. ನಗೆಯ ಸಾಲನ್ನು ದಪ್ಪಕ್ಷರ ಮಾಡುವುದೂ ಬೇಡ. ‘ಇಲ್ಲಿ ನಗಿ’ ಎಂದು ಬೋರ್ಡು ಹಾಕಿದಂತಾಗುತ್ತದೆ.

ವ್ಯಂಗ್ಯಚಿತ್ರಗಳಿದ್ದರೆ ಒಂದು ಎಚ್ಚರ. ಕಲಾವಿದರು ಕಪ್ಪು ಗೆರೆಯ ಚಿತ್ರವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ ಕೊಟ್ಟಿರುತ್ತಾರೆ. ರಾತ್ರಿ ಡಾರ್ಕ್ ಮೋಡ್ ಹಾಕಿಕೊಂಡವರ ಫೋನಿನಲ್ಲಿ ಕಪ್ಪಿನ ಮೇಲೆ ಕಪ್ಪು, ಏನೂ ಕಾಣುವುದಿಲ್ಲ. ಬಿಳಿ ಹಿನ್ನೆಲೆ ತುಂಬಿಸಿ ಉಳಿಸಬೇಕು. ಇಡೀ ಹರಟೆಯನ್ನೇ ಚಿತ್ರ ಮಾಡಿ ಕಳುಹಿಸುವ ವಾಟ್ಸಾಪ್ ಚಾಳಿಯನ್ನು ಮೇಲಿಗೆ ತರಬೇಡಿ. ಚಿತ್ರ ತೆರೆಯದಿದ್ದರೆ ಖಾಲಿ ಚೌಕ, ತೆರೆದರೂ ಅಕ್ಷರ ದೊಡ್ಡದು ಮಾಡಿ ಓದುವ ಹಿರಿಯರಿಗೆ ಕಷ್ಟ.

ಸಬ್ಜೆಕ್ಟ್ ಸಾಲಿಗೆ ಬರೋಣ. ಫೋನಿನ ಪರದೆಯಲ್ಲಿ ಕನ್ನಡದ ನಾಲ್ಕೈದು ಪದ ಕಂಡರೆ ಹೆಚ್ಚು. ‘ನನ್ನ ಹೊಚ್ಚಹೊಸ ಹಾಸ್ಯ ಸಂಕಲನ ಲೋಕಾರ್ಪಣೆ, ಇಂದೇ ಕೊಳ್ಳಿ’ ಎಂದು ಬರೆದರೆ ‘ಲೋಕಾರ್ಪಣೆ’ಗೂ ಮುಂಚೆಯೇ ಸಾಲು ತುಂಡಾಗುತ್ತದೆ. ಅದರ ಬದಲು, ಹೌಸಿಂಗ್ ಸೊಸೈಟಿಯ ಹರಟೆಯೊಂದಿದೆ ಎನ್ನಿ, ‘ಮೀಟಿಂಗಿನಲ್ಲಿ ಚಹಾ ಬಂದ ಮೇಲೆ’ ಎಂದು ಬರೆದು ನೋಡಿ. ನಗಿಸಲು ಯತ್ನವಿಲ್ಲ, ಬರೀ ಕುತೂಹಲ. ಅದರ ಕೆಳಗೆ ಬೂದು ಬಣ್ಣದಲ್ಲಿ ಕಾಣುವ ಇನ್ನೊಂದು ಸಾಲಿದೆಯಲ್ಲ, ಅದನ್ನು ನೀವು ತುಂಬದಿದ್ದರೆ ಪತ್ರದ ಮೊದಲ ಸಾಲೇ ಅಲ್ಲಿಗೆ ಹೋಗಿ ಕೂರುತ್ತದೆ. ಕೆಲವೊಮ್ಮೆ ‘ಈ ಮೇಲ್ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ’ ಎಂಬುದು ಹೋಗುತ್ತದೆ, ಕೆಲವೊಮ್ಮೆ ನಗೆಯ ಗುಟ್ಟೇ. ಅಲ್ಲಿ ‘ಚೇರ್ಮನ್ನರು ಎದ್ದು ನಿಂತರು.’ ಎಂದಷ್ಟೇ ಹಾಕಿ. ಮೇಲಿನ ಸಾಲೂ ಕೆಳಗಿನ ಸಾಲೂ ಸೇರಿ ಒಂದು ಬಾಗಿಲು ಅರ್ಧ ತೆರೆದಂತೆ ಇರಬೇಕು.

ಓದುಗರ ಹೆಸರನ್ನು ತಾನಾಗಿ ಸೇರಿಸುವ ಸೌಲಭ್ಯ ಬಹಳಷ್ಟು ಸೇವೆಗಳಲ್ಲಿ ಇದೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಹೆಸರನ್ನು ಹಾಗೆ ಬರಿದೇ ಕರೆಯುವ ಪದ್ಧತಿಯಿಲ್ಲ. ಶೆಟ್ರೇ, ನಾಯಕ್ರೇ, ಸುಮಿತ್ರಕ್ಕ, ಭಟ್ರೇ ಎಂದು ಒಬ್ಬೊಬ್ಬರಿಗೆ ಒಂದೊಂದು. ಯಂತ್ರ ಎಲ್ಲರಿಗೂ ‘ಅವರೇ’ ಅಂಟಿಸುತ್ತದೆ. ಹೆಸರಿನ ಕಾಲಂನಲ್ಲಿ ಯಾರೋ ಹೋಟೆಲಿನ ಹೆಸರು ಬರೆದಿದ್ದರೆ ಹೋಟೆಲಿಗೇ ನಮಸ್ಕಾರ. ಪಟ್ಟಿಯನ್ನು ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿಯಾಗಿ (ಬರೀ ಅಕ್ಷರಗಳ ಸರಳ ಪಟ್ಟಿಯಾಗಿ) ಉಳಿಸಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಯಾಗಿ ‘ನಮಸ್ಕಾರ ?????’ ಎಂದು ಹೋಗುತ್ತದೆ. ಉಳಿಸುವಾಗ ಕನ್ನಡವನ್ನು ಕೆಡಿಸದ, ಯುಟಿಎಫ್-8 ಎಂದು ಬರೆದಿರುವ ಸಿಎಸ್‌ವಿಯನ್ನೇ ಆರಿಸಬೇಕು. ಬರೀ ‘ನಮಸ್ಕಾರ’ ಎಂದು ಶುರುಮಾಡಿದರೆ ಇದಾವುದರ ತಲೆಬಿಸಿಯೂ ಇಲ್ಲ, ನನ್ನ ಓಟು ಅದಕ್ಕೆ.

ಮೇಲ್ ಹೊರಡುವ ಜಾಗದ ಬಗ್ಗೆ ಸ್ವಲ್ಪ ಬೇಸರದ ಆದರೆ ತಪ್ಪಿಸಲಾಗದ ಮಾತು. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಷ್ಟೇ ಕಳುಹಿಸಬಹುದು, ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗದಲ್ಲಿ) ತುಂಬಿಸಿ ಕಳುಹಿಸಿದರೆ ನಿಲ್ಲಿಸುವ ಲಿಂಕೂ ಇರುವುದಿಲ್ಲ. ಸಬ್‌ಸ್ಟ್ಯಾಕ್, ಬಟನ್‌ಡೌನ್, ಮೇಲರ್‌ಲೈಟ್‌ನಂಥ, ನ್ಯೂಸ್‌ಲೆಟರ್ ಕಳುಹಿಸಲೆಂದೇ ಇರುವ ಸೇವೆ ಬೇಕು. ಸಬ್‌ಸ್ಟ್ಯಾಕ್ ತನ್ನ ವಿಳಾಸದಿಂದಲೇ ಕಳುಹಿಸುತ್ತದೆ, ನಿಮ್ಮ ಕಡೆಯಿಂದ ಹೊಂದಿಸುವುದು ಏನೂ ಇಲ್ಲ. ಮಿಕ್ಕವುಗಳಲ್ಲಿ ‘ಇಂದ’ ಎಂಬ ಜಾಗಕ್ಕೆ ನಿಮ್ಮ ಜಿಮೇಲ್ ವಿಳಾಸ ಹಾಕಿದರೆ, ಬೇರೆ ಯಾರೋ ನಿಮ್ಮ ವೇಷ ಹಾಕಿದ್ದಾರೆ ಎಂದು ತಿಳಿದು ಪತ್ರ ಸ್ಪ್ಯಾಮಿಗೆ ಹೋಗುವ ಸಂಭವ ಹೆಚ್ಚು. ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ಅಂತರ್ಜಾಲ ವಿಳಾಸ ತೆಗೆದುಕೊಳ್ಳಿ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಅದರ ಡಿಎನ್‌ಎಸ್ ಪುಟದಲ್ಲಿ, ಅಂದರೆ ಡೊಮೇನಿನ ಸೆಟ್ಟಿಂಗಿನಲ್ಲಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆ ಸೇರಿಸಬೇಕು. ಪತ್ರ ನಿಜಕ್ಕೂ ನಿಮ್ಮದೇ ಎಂದು ಸಾರುವ ಗುರುತುಗಳು ಇವು. ಸೇವೆಯವರು ಕೊಟ್ಟ ಸಾಲುಗಳನ್ನು ಅಕ್ಷರ ತಪ್ಪದೆ ಅಂಟಿಸಿದರೆ ಅರ್ಧ ಗಂಟೆಯ ಕೆಲಸ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಕಳುಹಿಸುವವರಿಗೆ ಮೂರೂ ಕಡ್ಡಾಯ, ಸಣ್ಣವರಿಗೂ ಇದ್ದರೆ ಕ್ಷೇಮ. ಇನ್ನೊಂದು ಮಾತು: ಪತ್ರದ ಕೊನೆಗೆ ಅಂಚೆ ವಿಳಾಸ ಹಾಕಲೇಬೇಕೆಂದು ಬಹಳ ಸೇವೆಗಳು ಹೇಳುತ್ತವೆ. ಮನೆಯ ಫ್ಲ್ಯಾಟ್ ನಂಬರನ್ನು ಊರಿಗೆಲ್ಲ ಹಂಚುವ ಬದಲು ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆಯಬಹುದು.

ಸ್ಪ್ಯಾಮ್ ದೂರು 0.3 ಪರ್ಸೆಂಟ್ ಮುಟ್ಟಬಾರದು ಎಂಬುದು ಜಿಮೇಲ್ ಎಲ್ಲರಿಗೂ ಹಾಕಿರುವ ಗೆರೆ. ಕೇಳಲು ಸಣ್ಣದು. 600 ಜನರ ಪಟ್ಟಿಯಲ್ಲಿ ಇಬ್ಬರು ಸ್ಪ್ಯಾಮ್ ಒತ್ತಿದರೆ ಗೆರೆ ದಾಟಿತು. ಒತ್ತುವವರು ಯಾರು? ಬಹುಪಾಲು ನಿಮ್ಮ ಪರಿಚಯದವರೇ. ಇಲ್ಲೂ ಮುಲಾಜು. ಪತ್ರ ಬೇಡವಾದ ಮುಂಬಯಿ ಕನ್ನಡಿಗ ‘ನಿಲ್ಲಿಸಿ’ ಎಂದು ಒತ್ತುವುದಿಲ್ಲ, ಒತ್ತಿದರೆ ಲೇಖಕರಿಗೆ ಗೊತ್ತಾಗುತ್ತದೆ, ಮುಂದಿನ ಭಾನುವಾರ ಸಂಘದಲ್ಲಿ ಎದುರಾದರೆ ಏನು ಹೇಳುವುದು? ಸದ್ದಿಲ್ಲದೆ ಸ್ಪ್ಯಾಮಿಗೆ ತಳ್ಳುತ್ತಾನೆ. ಅದು ಅವನಿಗೆ ಸಭ್ಯ ಮಾರ್ಗ, ನಿಮಗೆ ಮಾರಕ. ಆದ್ದರಿಂದ ನಿಲ್ಲಿಸುವ ಲಿಂಕನ್ನು ಅಡಿಯಲ್ಲಿ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಬಚ್ಚಿಡದೆ, ‘ಸಾಕೆನಿಸಿತೇ? ಮುಲಾಜಿಲ್ಲದೆ ಇಲ್ಲಿ ಒತ್ತಿ, ಸಂಘದಲ್ಲಿ ಸಿಕ್ಕಾಗ ಕೇಳುವುದಿಲ್ಲ’ ಎಂದು ಬರೆಯುವುದು ವಾಸಿ. ಆರು ತಿಂಗಳು ಒಂದೂ ಲಿಂಕ್ ಒತ್ತದವರಿಗೆ ‘ಇನ್ನೂ ಕಳುಹಿಸಲೇ?’ ಎಂದು ಒಮ್ಮೆ ಕೇಳಿ, ಉತ್ತರ ಬರದಿದ್ದರೆ ನೀವೇ ತೆಗೆಯಿರಿ. ವಿಳಾಸವೇ ಇಲ್ಲ ಎಂದು ಮರಳಿ ಬಂದವನ್ನಂತೂ ಅದೇ ದಿನ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಿ ಹಿಗ್ಗಬೇಡಿ. 2021ರ ಸೆಪ್ಟೆಂಬರಿನಲ್ಲಿ ಐಒಎಸ್ 15ರ ಜೊತೆ ಬಂದ ವ್ಯವಸ್ಥೆಯಿಂದಾಗಿ ಆಪಲ್ ಮೇಲ್ ಬಳಸುವವರ ಪತ್ರ ಓದದಿದ್ದರೂ ತೆರೆದಂತೆ ದಾಖಲಾಗಬಹುದು. ನಗೆಬರಹಕ್ಕೆ ಸರಿಯಾದ ಅಳತೆ ಉತ್ತರಗಳು. ಪತ್ರದ ಕೊನೆಗೆ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಸೊಸೈಟಿಯಲ್ಲಿ ಚಹಾಕ್ಕೆ ದುಡ್ಡು ಯಾರದು?’ ಬಂದ ಉತ್ತರಗಳಲ್ಲಿ ಮುಂದಿನ ಹರಟೆಗೆ ಸರಕಿರುತ್ತದೆ, ಉತ್ತರಿಸಿದವರ ಡಬ್ಬಿಯಲ್ಲಿ ನಿಮ್ಮ ಪತ್ರ ಪರಿಚಿತರದಾಗುತ್ತದೆ.

ಕಳುಹಿಸುವ ಹೊತ್ತಿನ ಬಗ್ಗೆ ಇಂಗ್ಲಿಷಿನವರ ಸಲಹೆ ಇಲ್ಲಿ ನಡೆಯದು. ಹೋಟೆಲಿನವರಿಗೆ ಬಿಡುವು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸಂಜೆಯ ಚಹಾದ ಗದ್ದಲಕ್ಕೆ ಮುಂಚೆ. ಮೂರೂವರೆಗೆ ಕಳುಹಿಸಿದರೆ ಗಲ್ಲೆಯಲ್ಲಿ ಕೂತು ಓದುತ್ತಾರೆ. ಆಫೀಸಿನವರಿಗೆ ಸಂಜೆಯ ಲೋಕಲ್ಲು, ಅದೂ ಸೀಟು ಸಿಕ್ಕ ಮೇಲೆ. ಭಾನುವಾರ ಬೆಳಿಗ್ಗೆ ಮೀನು ಮಾರ್ಕೆಟ್ಟಿನ ಹೊತ್ತು, ಬೇಡ.

ಕನ್ನಡ ಮಾತಾಡಬಲ್ಲ, ಓದಲು ಬಾರದ ಮಕ್ಕಳು ಪ್ರತಿ ಮನೆಯಲ್ಲೂ ಇದ್ದಾರೆ. ಲೇಖಕರೇ ಓದಿದ ಮೂರು ನಿಮಿಷದ ಧ್ವನಿಯ ಲಿಂಕ್ ಕೊಟ್ಟರೆ ಮನೆಮಂದಿ ಒಟ್ಟಿಗೆ ಕೇಳುತ್ತಾರೆ. 64 ಕೆಬಿಪಿಎಸ್ ಮೋನೋದಲ್ಲಿ ಅದು ಒಂದೂವರೆ ಎಂಬಿಯೂ ಆಗದು. ಲಗತ್ತಿಸಬೇಡಿ, ಲಿಂಕೇ ಇರಲಿ.

ಈಗ ಮಾರುವ ಪತ್ರ. ಇದರಲ್ಲಿ ಕ್ಯೂಆರ್ ಕೋಡ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಓದುವುದು ಫೋನಿನಲ್ಲಿ, ಕೋಡ್ ಇರುವುದೂ ಅದೇ ಫೋನಿನಲ್ಲಿ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು ಆಪಿನೊಳಗೆ ತೆರೆಯುವಷ್ಟು ತಾಳ್ಮೆ 160 ರೂಪಾಯಿಯ ಪುಸ್ತಕಕ್ಕೆ ಯಾರಿಗೂ ಇರದು. ಯುಪಿಐ ಐಡಿಯನ್ನು ಒತ್ತಿ ಹಿಡಿದರೆ ಕಾಪಿ ಆಗುವಂತೆ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ, ಕೋಡನ್ನು ಕಂಪ್ಯೂಟರಿನಲ್ಲಿ ಓದುವವರಿಗೆಂದು ಕೆಳಗಿಡಿ. ದುಡ್ಡಿಗೂ ಮುಂಚೆ ಫಾರ್ಮ್ ತುಂಬಿಸಿಕೊಳ್ಳಿ: ವಿಳಾಸ, ಪಿನ್, ಫೋನ್, ಮತ್ತು ‘ಪುಸ್ತಕದ ಮೇಲೆ ಯಾರ ಹೆಸರು ಬರೆಯಲಿ?’ ಈ ಕೊನೆಯ ಪ್ರಶ್ನೆ ಒಂದು ಪ್ರತಿ ಬೇಕೆಂದವರಿಂದ ಎರಡು ತೆಗೆಸುತ್ತದೆ, ಒಂದು ಭಾವನಿಗೆ. ದುಡ್ಡು ಹಾಕುವಾಗ ಟಿಪ್ಪಣಿಯಲ್ಲಿ ಫೋನಿನ ಕೊನೆಯ ನಾಲ್ಕು ಅಂಕೆ ಬರೆಯಲು ಹೇಳಿ. ಇಲ್ಲದಿದ್ದರೆ ಅಪ್ಪನ ಹೆಸರಿನ ಆರ್ಡರಿಗೆ ಪುಣೆಯಲ್ಲಿರುವ ಮಗನ ಖಾತೆಯಿಂದ ಹಣ ಬಂದು, ಯಾರು ಕೊಟ್ಟರು ಯಾರು ಬಿಟ್ಟರು ಎಂದು ರಾತ್ರಿಯಿಡೀ ಹೊಂದಿಸುತ್ತ ಕೂರಬೇಕಾಗುತ್ತದೆ. ಕೊಂಡವರ ಹೆಸರಿಗೆ ಗುರುತು ಹಾಕಿ ಮುಂದಿನ ‘ಕೊಳ್ಳಿ’ ಪತ್ರದಿಂದ ಅವರನ್ನು ಬಿಡಿ. ಈ ಹಣ ಪ್ರೆಸ್ಸಿಗೆ ಹೇಳುವ ಮುಂಚೆಯೇ ಬಂದರೆ 500 ಬೇಕೋ 200 ಸಾಕೋ ಗೊತ್ತಾಗುತ್ತದೆ. ಮಂಚದ ಕೆಳಗಿನ ನೆಂಟ ಅಷ್ಟು ಸಣಕಲಾಗುತ್ತಾನೆ.

ಅಂಚೆಯಲ್ಲಿ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ, ಪಠ್ಯ ಮತ್ತು ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. 170 ಗ್ರಾಮಿನ ಪುಸ್ತಕ ಪ್ಯಾಕಿಂಗ್ ಸೇರಿ 200 ದಾಟದು. ಪ್ರಕಾಶಕರ ಅಥವಾ ಮುದ್ರಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು, ಜಾಹೀರಾತು ಇರಬಾರದು. ಕೊನೆಯ ರಕ್ಷಾಪುಟದಲ್ಲಿ ಹೋಟೆಲ್ ಮಾಲೀಕರ ‘ಶುಭ ಹಾರೈಕೆಗಳೊಂದಿಗೆ’ ಹಾಕಿಸಿಕೊಂಡು ಅಚ್ಚಿನ ಖರ್ಚು ತೂಗಿಸುವವರು ಇದನ್ನು ಮೊದಲೇ ಯೋಚಿಸಬೇಕು. ಕೌಂಟರಿನಲ್ಲಿ ಒಂದು ಪ್ರತಿ ತೋರಿಸಿ ಒಪ್ಪಿಗೆ ಪಡೆದ ಮೇಲೆ ಮಿಕ್ಕವನ್ನು ಪ್ಯಾಕ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೊಂದು ಪ್ಲಾಸ್ಟಿಕ್ ಚೀಲ ಇಲ್ಲದೆ ಏನನ್ನೂ ಕಳುಹಿಸಬಾರದು. ಮುಂಬಯಿ ಮಳೆಗೆ ಮುಖಪುಟ ಹಪ್ಪಳದಂತೆ ಸುರುಳುತ್ತದೆ.

ಬಿಡುಗಡೆ ಭಾನುವಾರ ಇದ್ದರೆ ಶನಿವಾರ ಸಂಜೆ ನೆನಪಿನ ಪತ್ರ ಹೋಗಬೇಕು, ಅದಕ್ಕೂ ಮುಂಚೆ ರೈಲ್ವೆಯ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ) ಪ್ರಕಟಣೆ ನೋಡಬೇಕು. ಹಾರ್ಬರ್ ಲೈನಿನಲ್ಲಿ ಬ್ಲಾಕ್ ಇದ್ದರೆ ಪನ್ವೇಲಿನವರಿಗೆ ಠಾಣೆಯ ಮೇಲಿನಿಂದ ಬರುವ ದಾರಿಯನ್ನು ಪತ್ರದಲ್ಲೇ ಬರೆಯಿರಿ.

ಪತ್ರದಲ್ಲಿ ಕೊಟ್ಟ ನಗೆ ವಾಟ್ಸಾಪಿನಲ್ಲಿ ಹೆಸರಿಲ್ಲದೆ ಓಡಾಡುತ್ತದೆ, ತಡೆಯಲು ಆಗದು. ನಾಲ್ಕು ಸಾಲಿನ ಜೋಕು ಬರೆದರೆ ಅದು ಅಂದೇ ಊರಿನ ಆಸ್ತಿ. ಪಾತ್ರಗಳಿಗೆ ಖಾಯಂ ಹೆಸರು, ಖಾಯಂ ಬಿಲ್ಡಿಂಗು ಕೊಟ್ಟು, ಒಂದು ಪತ್ರದ ನಗು ಇನ್ನೊಂದರ ನೆನಪಿನ ಮೇಲೆ ನಿಲ್ಲುವಂತೆ ಬರೆದರೆ ತುಂಡು ಕದ್ದವನಿಗೆ ಅರ್ಧವೇ ಸಿಗುತ್ತದೆ. ಹೆಸರನ್ನು ಕೊನೆಗೆ ಹಾಕದೆ ಬರಹದ ನಡುವೆ, ಯಾವುದಾದರೂ ಪಾತ್ರ ಲೇಖಕರನ್ನು ಬಯ್ಯುವ ಮಾತಿನಲ್ಲಿ ಸೇರಿಸಿಬಿಡುವುದು ಇನ್ನೂ ಜಾಣತನ. ಕೊನೆಯ ಸಾಲು ಅಳಿಸುವವರು ನಡುವಿನ ಸಾಲು ಅಳಿಸುವುದಿಲ್ಲ.

ಮೇ ತಿಂಗಳಲ್ಲಿ ಕಳುಹಿಸಿದ ಪುಸ್ತಕಗಳು ಬಾಗಿಲು ಹಾಕಿದೆ ಎಂಬ ಷರಾದೊಂದಿಗೆ ಸಾಲಾಗಿ ಮರಳಿ ಬರುತ್ತವೆ, ಎಲ್ಲರೂ ಊರಿನಲ್ಲಿರುತ್ತಾರೆ. ಗಣೇಶ ಚೌತಿಯ ವಾರವೂ ಅದೇ ಪಾಡು. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಫಾರ್ಮಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ‘ಮುಂಬಯಿ ವಿಳಾಸಕ್ಕೋ, ಊರಿನ ವಿಳಾಸಕ್ಕೋ?’ ಊರಿನದು ಎಂದವರ ಪುಸ್ತಕವನ್ನು ಮೊದಲು ಅಂಚೆಗೆ ಹಾಕಿ. ಹಲಸಿನ ಹಣ್ಣು ಕೊಯ್ಯುವ ಚಾವಡಿಯಲ್ಲಿ ಒಂದು ಪ್ರತಿಯನ್ನು ಹತ್ತು ಜನ ಓದುತ್ತಾರೆ, ಆ ಹತ್ತರಲ್ಲಿ ನಾಲ್ವರ ಇ-ಮೇಲ್ ವಿಳಾಸ ಜೂನ್ ಎರಡನೇ ವಾರದೊಳಗೆ ನಿಮ್ಮ ಪಟ್ಟಿಗೆ ಬಂದಿರುತ್ತದೆ, ಪುಸ್ತಕದ ಕೊನೆಯ ಪುಟದಲ್ಲಿ ಪತ್ರದ ವಿಳಾಸವನ್ನು ದಪ್ಪಗೆ ಅಚ್ಚು ಹಾಕಿಸಿದ್ದರೆ.